ಉಪ್ಪುನೀರಿನ ದಿನ

ನೋವು ಬರಲೆಂದೇ ಜನ ಬರುವ ಕೋಣೆ ಇದು.
ಕೋಪನ್‌ಹೇಗನ್ನಿನ ಪಡುವಣ ಅಂಚು, ಮೂರನೇ ಮಹಡಿ,
ನವೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು.
ಇಲ್ಲಿ ಯಾರಿಗಾದರೂ ತಲೆ ಸಿಡಿಯತೊಡಗಿದರೆ
ಡಾಕ್ಟರ್ ಮೊಗೆನ್ಸ್ ಕಣ್ಣರಳಿಸುತ್ತಾರೆ,
ಆಮೇಲೆ ನಾಚಿ ಕನ್ನಡಕ ಒರೆಸಿಕೊಳ್ಳುತ್ತಾರೆ.
ನಾನು ನರ್ಸು. ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ಬರೆಯುವುದು:
ಸೊನ್ನೆಯಿಂದ ಹತ್ತರೊಳಗೆ ಎಷ್ಟು?

ವಿಬೆಕೆ ಬಂದದ್ದು ಸೈಕಲ್ಲಿನಲ್ಲಿ,
ಎಡಗೈಯ ಗವಸಿಗೆ ತೂತು.
ಚರ್ಚುಗಳ ಆರ್ಗನ್ನಿಗೆ ಶ್ರುತಿ ಮಾಡುವವಳು.
ಐವತ್ತೆರಡು ವಯಸ್ಸು. ಹನ್ನೆರಡು ತುಂಬಿದಾಗಿನಿಂದ
ತಿಂಗಳಿಗೆ ನಾಲ್ಕು ದಿನ ಪರದೆ ಎಳೆದ ಕೋಣೆಗೆ ಮೀಸಲು.
"ಅಮ್ಮನಿಗೂ ಇತ್ತು" ಎಂದಳು,
ಮನೆಪತ್ರ ತೋರಿಸುವವಳ ಹಾಗೆ.

ಎರಡು ದಿನ, ಎರಡು ಸೀಸೆ.
ಒಂದರಲ್ಲಿ ಮೂವತ್ತೇಳು ಮಣಿಗಳ ಸರ,
ನಮ್ಮ ಮೈ ತಾನೇ ಪೋಣಿಸಿಕೊಳ್ಳುವಂಥದು,
ಮುಖದ ನರದ ತುದಿಯಿಂದ ಉದುರಿ
ಮೆದುಳ ಹೊದಿಕೆಯ ರಕ್ತನಾಳಗಳನ್ನು ಸಡಿಲಿಸುವಂಥದು.
ಇನ್ನೊಂದರಲ್ಲಿ ಬರೀ ಉಪ್ಪುನೀರು.
ಯಾವುದು ಯಾವ ದಿನ, ಅವಳಿಗೆ ಗೊತ್ತಿಲ್ಲ, ನನಗಿಲ್ಲ,
ಮೊಗೆನ್ಸ್‌ಗೂ ಇಲ್ಲ.
ನೆಲಮಾಳಿಗೆಯ ಒಂದು ಬೀರುವಿನ ಬೀಗಕ್ಕೆ ಗೊತ್ತು.

ಮೊದಲ ದಿನ ಇಪ್ಪತ್ತು ನಿಮಿಷ ಹನಿ ಇಳಿಯಿತು.
ರೈ ರೊಟ್ಟಿ ತಿಂದಳು, ಕಿಟಕಿ ನೋಡಿದಳು, ಏನೂ ಇಲ್ಲ.
ನಾಲ್ಕನೇ ಗಂಟೆಗೆ, ದೀಪ ಆರಿಸಿ ಎಂದಳು.
ಎಷ್ಟು?
"ಎರಡು ಕೊಳವೆ. ಒಂದೇ ಸ್ವರ ಆಗಬೇಕಾದ್ದು.
ಕೂದಲೆಳೆಯಷ್ಟು ಬೇರೆ. ನಡುವೆ ಅಲುಗಾಟ,
ವ್ವೌ, ವ್ವೌ, ವ್ವೌ,
ಎಡಗಣ್ಣಿನ ಹಿಂದೆ. ಸೆಕೆಂಡಿಗೆ ಮೂರು."
ಮೂರು ಎಂದು ಬರೆಯಲೆ?
"ಓ, ನಿಮ್ಮ ಲೆಕ್ಕದಲ್ಲೇ? ಎಂಟು."
ಎಂಟು ಬರೆದೆ. ವ್ವೌಗೆ ಕಾಲಂ ಇರಲಿಲ್ಲ.

ಎರಡನೇ ದಿನ ಅವಳ ಕೆನ್ನೆ ಕಾದ ಹಂಚಾಯಿತು,
ಕತ್ತಿನವರೆಗೂ ಕೆಂಪು.
ನಾನು ನೋಡದವಳಂತೆ ಬಿ.ಪಿ. ಬರೆದೆ.
ಹನ್ನೆರಡು ಗಂಟೆ ಕಾದೆವು. ಸೊನ್ನೆ. ಸೊನ್ನೆ. ಸೊನ್ನೆ.
ಹೋಗುವಾಗ ಕ್ಷಮೆ ಕೇಳಿದಳು,
ನಿಮಗೆ ಏನೂ ಕೊಡಲಾಗಲಿಲ್ಲ ಎಂದು.

ಮೆದುಳಿಗೆ ನೋವು ತಿಳಿಯದಂತೆ.
ಸೂಜಿ ಚುಚ್ಚಿದರೂ ಸುಮ್ಮನಿರುತ್ತದಂತೆ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ:
ಹೊದಿಕೆ ಉರಿದರೆ ಕಣ್ಣು ನೋಯುತ್ತದೆ, ಹಣೆ ನೋಯುತ್ತದೆ.
ಅದು ಬರೀ ಕೂತು ಬರೆದುಕೊಳ್ಳುತ್ತದೆ,
ನನ್ನ ಹಾಗೆ.

ಏಪ್ರಿಲಿನಲ್ಲಿ ಲಕೋಟೆ ಒಡೆದರು.
ಎಂಟು ಬಂದದ್ದು ಉಪ್ಪುನೀರಿನ ದಿನ.
ಹಾಳೆಯ ಮೇಲೆ ಎಲ್ಲರ ಚುಕ್ಕೆಗಳೂ ಗುಂಪುಗೂಡಿವೆ,
ಇವಳದೊಂದು ಮೂಲೆಯಲ್ಲಿ, ಶಾಲೆಯಿಂದ ಆಚೆ ನಿಲ್ಲಿಸಿದ ಮಗು.
ತೆಗೆಯುವಂತಿಲ್ಲ, ಎಂದರು ಮೊಗೆನ್ಸ್, ಅದೂ ನಿಜವೇ.
ಫೋನು ಮಾಡಬೇಕಾದವಳು ನಾನು.
ಹೇಗೆ ಹೇಳುವುದು?
"ಎಲ್ಲಾ ನಿನ್ನ ತಲೆಯೊಳಗೆ" ಎಂದು
ಹೆಡ್‌ಮೇಷ್ಟ್ರು ಒಬ್ಬರು, ಗಂಡ ಒಬ್ಬ, ಇಬ್ಬರು ವೈದ್ಯರು
ಹೇಳಿಯೇ ಬಿಟ್ಟಿದ್ದ ಹೆಣ್ಣಿಗೆ?

ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು.
"ಸರಿ. ಹಾಗಾದರೆ ಅದಕ್ಕೆ ನಿಮ್ಮ ಸೀಸೆ ಬೇಕಿರಲಿಲ್ಲ" ಎಂದಳು,
ನಗುತ್ತಿದ್ದಳೋ ಏನೋ.
"ಭಾನುವಾರ ಬಿಡುವಿದ್ದರೆ ಫ್ಯೂನ್ ದ್ವೀಪಕ್ಕೆ ಬಾ.
ಕೀಲಿ ಒತ್ತಿ ಹಿಡಿಯುವ ಹುಡುಗ ಕೈ ಮುರಿದುಕೊಂಡಿದ್ದಾನೆ."

ಚರ್ಚು ಐಸುಪೆಟ್ಟಿಗೆ. ಅವಳು ಕೊಳವೆಗಳ ಕಾಡಿನೊಳಗೆ,
ಟೋಪಿ ಮಾತ್ರ ಆಗೀಗ ಕಾಣುತ್ತದೆ.
ನನ್ನ ಕೆಲಸ ಒಂದು ಬೆರಳು ಒತ್ತಿ ಹಿಡಿಯುವುದು.
ಒತ್ತಿದೆ.
ವ್ವೌ ವ್ವೌ ವ್ವೌ.
ಕಲ್ಲಿನ ಗೋಡೆ, ಬೆಂಚು, ನನ್ನ ಹಲ್ಲು, ಎಲ್ಲಾ ಅಲುಗಿತು.
ಇದೇ ಏನು? ಕಣ್ಣಿನ ಹಿಂದೆ? ನಲವತ್ತು ವರ್ಷ?
ಎಲ್ಲೋ ಸಣ್ಣ ಸುತ್ತಿಗೆಯ ಟಕ್ಕು.
ವ್ವೌ. ವ್ವೌ.
ಟಕ್ಕು.
ವ್ವೌ.

"ಎಷ್ಟು?" ಒಳಗಿನಿಂದ ದನಿ.
ಸೊನ್ನೆ ಅನಿಸುತ್ತೆ, ಎಂದೆ.
"ಅನಿಸುತ್ತೆ ಅಂದರೆ ಇನ್ನೂ ಇದೆ ಅಂತ.
ಬೆರಳು ತೆಗೆಯಬೇಡ."